ಗಡಾಯಿಕಲ್ಲು ಜ್ವಾಲಾಮುಖಿಯಾ ಟೀಚರ್?

ಎಂಟನೆಯ ತರಗತಿ, ಸಮಾಜ ವಿಜ್ಞಾನ. ಘಟಕ ‘ಶಿಲಾಗೋಳ’, ಕಲಿಕಾಂಶ ಜ್ವಾಲಾಮುಖಿಯ ವಿಧಗಳು. ಬೋಧನಾಭ್ಯಾಸದಲ್ಲಿ ಅದು ನನ್ನ ಏಳನೆಯ ಪಾಠ. ಬೆಳ್ತಂಗಡಿ ತಾಲೂಕಿನ ಆ ಪ್ರೌಢಶಾಲೆಯ ತರಗತಿ ಕೋಣೆಯ ಕಿಟಕಿಯಿಂದ ನೋಡಿದರೆ ಗಡಾಯಿಕಲ್ಲು ಎದುರಿಗೇ ಕಾಣುತ್ತದೆ. ಕಾಡಿನ ನಡುವಿನಿಂದ ಒಂದೇ ಬಂಡೆಯಾಗಿ ಎದ್ದು ನಿಂತ ಅದರ ಮೇಲೆ ಬೆಳಗ್ಗಿನ ಹೊತ್ತು ಮಂಜು ಸುತ್ತಿಕೊಂಡಿರುತ್ತದೆ. ಹೊಸಬರಿಗೆ ಅದು ಹೊಗೆಯಂತೆಯೇ ಕಾಣಬೇಕು.

ಪೀಠಿಕೆ ಚೆನ್ನಾಗಿಯೇ ಆಗಿತ್ತು. ಜೀವಂತ ಜ್ವಾಲಾಮುಖಿಗೆ ಇಟಲಿಯ ಸ್ಟ್ರಾಂಬೋಲಿಯ ಚಿತ್ರಪಟ ತೋರಿಸಿದೆ. ರಾತ್ರಿ ಹೊತ್ತು ಅದರ ಬಾಯಿಯ ಬೆಳಕು ದೂರದ ಹಡಗಿನವರಿಗೂ ಕಾಣುವುದರಿಂದ ಅದನ್ನು ‘ಮೆಡಿಟರೇನಿಯನ್ನಿನ ದೀಪಸ್ತಂಭ’ ಎನ್ನುತ್ತಾರೆ ಎಂದಾಗ ಮಕ್ಕಳ ಕಣ್ಣು ಅರಳಿತು. ನಮ್ಮ ದೇಶದ ಬ್ಯಾರನ್ ದ್ವೀಪವನ್ನೂ ನಕ್ಷೆಯಲ್ಲಿ ಗುರುತಿಸಿದೆ. ಸುಪ್ತ, ಲುಪ್ತ ಎಂಬ ಪದಗಳ ವ್ಯತ್ಯಾಸವನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದಾಗ ಮೂರನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

“ಟೀಚರ್, ನಮ್ಮ ಗಡಾಯಿಕಲ್ಲು ಕೂಡ ಜ್ವಾಲಾಮುಖಿಯಾ?”

ಎಲ್ಲರೂ ಕಿಟಕಿಯತ್ತ ತಿರುಗಿದರು. ನಾನೂ ತಿರುಗಿದೆ. ಹಿಂದಿನ ಬೆಂಚಿನಲ್ಲಿ ನಮ್ಮ ಕಾಲೇಜಿನ ಉಪನ್ಯಾಸಕರು ವೀಕ್ಷಣಾ ಪಟ್ಟಿ ಹಿಡಿದು ಕುಳಿತಿದ್ದರು. ಪಾಠಯೋಜನೆಯಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ, ನನ್ನಲ್ಲಿ ಉತ್ತರವೂ ಇರಲಿಲ್ಲ. ಆದರೆ ಕೂಂಬಿನಂಥ ಆಕಾರ, ಮೇಲೆ ಮಂಜು, ಬಾಯಲ್ಲಿ ಆಗಷ್ಟೇ ಹೇಳಿ ಮುಗಿಸಿದ ‘ಲುಪ್ತ’ ಎಂಬ ಪದ. “ಹೌದು, ಬಹಳ ಬಹಳ ಹಿಂದೆ ಇದ್ದಿರಬೇಕು. ಈಗ ಅದು ಲುಪ್ತ ಜ್ವಾಲಾಮುಖಿ,” ಎಂದುಬಿಟ್ಟೆ. ‘ಇದ್ದಿರಬೇಕು’ ಎಂಬ ಮಾತು ಮಕ್ಕಳ ಕಿವಿಗೆ ಬೀಳಲಿಲ್ಲ. ‘ಲುಪ್ತ ಜ್ವಾಲಾಮುಖಿ’ ಮಾತ್ರ ಬಿತ್ತು.

ಪಾಠ ಮುಗಿದ ಮೇಲೆ ವೀಕ್ಷಣಾ ಪಟ್ಟಿ ಕೈಗೆ ಬಂತು. ‘ಧ್ವನಿ ಏರಿಳಿತ ಬೇಕು’, ‘ಕಪ್ಪುಹಲಗೆಯ ಬರವಣಿಗೆ ನೇರವಾಗಿರಲಿ’ ಎಂಬ ಎರಡು ಸಲಹೆಗಳ ಕೆಳಗೆ ‘ಸ್ಥಳೀಯ ಉದಾಹರಣೆಯ ಬಳಕೆ ಉತ್ತಮ’ ಎಂಬ ಮೆಚ್ಚುಗೆ ಇತ್ತು. ಆ ದಿನ ಬಸ್ಸಿನಲ್ಲಿ ಮನೆಗೆ ಹೋಗುವಾಗ ಆ ಸಾಲನ್ನು ನಾಲ್ಕು ಸಲ ಓದಿದ್ದೇನೆ.

ಎರಡು ವಾರದ ನಂತರ ಘಟಕ ಪರೀಕ್ಷೆ ಮಾಡಿದೆ. ಐದನೆಯ ಪ್ರಶ್ನೆ: ‘ಲುಪ್ತ ಜ್ವಾಲಾಮುಖಿ ಎಂದರೇನು? ಒಂದು ಉದಾಹರಣೆ ಕೊಡಿ.’ ಉತ್ತರಪತ್ರಿಕೆಗಳನ್ನು ಶಾಲೆಯ ಸ್ಟಾಫ್ ರೂಮಿನಲ್ಲಿ ತಿದ್ದಲು ಕುಳಿತೆ. ಮೊದಲನೆಯ ಪತ್ರಿಕೆಯಲ್ಲಿ ಉದಾಹರಣೆ ‘ಗಡಾಯಿಕಲ್ಲು’. ಎರಡನೆಯದರಲ್ಲೂ ಅದೇ. 32 ಮಕ್ಕಳಲ್ಲಿ 19 ಮಂದಿ ಗಡಾಯಿಕಲ್ಲು ಎಂದು ಬರೆದಿದ್ದರು. ಕೆಲವರು ಪಕ್ಕದಲ್ಲಿ ಚಿತ್ರವನ್ನೂ ಬಿಡಿಸಿ ತುದಿಯಿಂದ ಕೆಂಪು ಶಾಯಿಯಲ್ಲಿ ಲಾವಾ ಹರಿಸಿದ್ದರು. ಪುಸ್ತಕದಲ್ಲಿದ್ದ ಉದಾಹರಣೆಯನ್ನು ಬರೆದವರು ನಾಲ್ವರೇ. ನಾನು ಹೇಳಿದ್ದು ಇಷ್ಟು ಚೆನ್ನಾಗಿ ಮಕ್ಕಳ ಮನಸ್ಸಿನಲ್ಲಿ ಉಳಿದದ್ದು ಆ ಇಡೀ ಬೋಧನಾಭ್ಯಾಸದಲ್ಲಿ ಅದೊಂದೇ.

ಎದುರಿನ ಕುರ್ಚಿಯಲ್ಲಿದ್ದ ಹಿರಿಯ ಶಿಕ್ಷಕರು ಒಂದು ಪತ್ರಿಕೆ ಎತ್ತಿ ನೋಡಿ ನಕ್ಕರು. “ಟೀಚರ್, ನೀವು ಗಡಾಯಿಕಲ್ಲು ಹತ್ತಿದ್ದೀರಾ?”

“ಇಲ್ಲ ಸರ್.”

“ಒಮ್ಮೆ ಹತ್ತಿ ನೋಡಿ. ಅಲ್ಲಿ ಲಾವಾ ಎಲ್ಲುಂಟು ಅಂತ ಬಂದು ನನಗೂ ಹೇಳಿ.”

ಅವರು ಇಷ್ಟೇ ಹೇಳಿದರು. ನನಗೆ ಮುಖ ಎತ್ತಲಾಗಲಿಲ್ಲ. ಪತ್ರಿಕೆಗಳಿಗೆ ಅಂಕ ಕೊಡದೆ ಹಾಗೆಯೇ ಕಟ್ಟಿಟ್ಟೆ.

ಮುಂದಿನ ಭಾನುವಾರ ಸಹಪಾಠಿಯೊಬ್ಬಳನ್ನು ಕರೆದುಕೊಂಡು ಹೊರಟೆ. ಬೆಳ್ತಂಗಡಿ ಪೇಟೆಯಿಂದ ಗಡಾಯಿಕಲ್ಲಿಗೆ ಸುಮಾರು 8 ಕಿ.ಮೀ. ಅದು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಜಾಗ, ಬುಡದಲ್ಲಿ ಅರಣ್ಯ ಇಲಾಖೆಯ ಟಿಕೆಟ್ ಪಡೆದು ಹತ್ತಬೇಕು. ಹಿಂದೆ ನರಸಿಂಹಗಡ ಎನಿಸಿಕೊಂಡಿದ್ದ ಈ ಬಂಡೆಯ ಮೇಲೆ 1794ರಲ್ಲಿ ಟಿಪ್ಪು ಸುಲ್ತಾನ ಕೋಟೆ ಕಟ್ಟಿಸಿದ. ತಾಯಿಯ ನೆನಪಿಗಾಗಿ ಜಮಾಲಾಬಾದ್ ಎಂದು ಹೆಸರಿಟ್ಟ ಎನ್ನುತ್ತಾರೆ. 1799ರಲ್ಲಿ ಟಿಪ್ಪುವಿನ ಪತನದ ನಂತರ ಕೋಟೆ ಬ್ರಿಟಿಷರ ಕೈಗೆ ಹೋಯಿತು. ಇಷ್ಟು ಇತಿಹಾಸ ನನಗೆ ಗೊತ್ತಿತ್ತು. ನಾನು ಇತಿಹಾಸದ ವಿದ್ಯಾರ್ಥಿನಿ. ಆ ಕೋಟೆಯ ಕೆಳಗಿರುವ ಕಲ್ಲು ಯಾವುದೆಂದು ಒಮ್ಮೆಯೂ ಯೋಚಿಸಿದವಳಲ್ಲ.

ಮೊದಲು ಕಾಡಿನ ದಾರಿ, ಆಮೇಲೆ ಮೆಟ್ಟಿಲು. 1,800ಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಬಹಳಷ್ಟನ್ನು ಬಂಡೆಯಲ್ಲೇ ಕಡಿದಿದ್ದಾರೆ. ಅರ್ಧ ಹತ್ತುವಷ್ಟರಲ್ಲಿ ಮೊಣಕಾಲು ನಡುಗತೊಡಗಿತು. ಕುಳಿತುಕೊಂಡಾಗ ಕೈಯೂರಿದ್ದು ಕಲ್ಲಿನ ಮೇಲೆ. ಆಗ ಮೊದಲ ಬಾರಿಗೆ ಅದನ್ನು ಹತ್ತಿರದಿಂದ ನೋಡಿದೆ. ಮೆಟ್ಟಿಲಿನ ಅಂಚಿನಲ್ಲಿ ಕಲ್ಲಿನ ಕಣಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು. ಮಾಸಲು ಬಿಳಿಯವು, ಗಾಜಿನಂತೆ ಹೊಳೆಯುವವು, ನಡುವೆ ಎಳ್ಳಿನಂಥ ಕಪ್ಪು ಚುಕ್ಕಿಗಳು. ಪಠ್ಯಪುಸ್ತಕದಲ್ಲಿ ನಾನೇ ಕಲಿಸಿದ್ದ ಸಾಲು ನೆನಪಾಯಿತು: ಶಿಲಾರಸ ಭೂಮಿಯ ಒಳಗೇ ನಿಧಾನವಾಗಿ ತಣಿದರೆ ಹರಳುಗಳು ದೊಡ್ಡದಾಗಿ ಬೆಳೆಯುತ್ತವೆ, ಅದು ಅಂತಸ್ಸರಣ ಅಗ್ನಿಶಿಲೆ, ಉದಾಹರಣೆಗೆ ಗ್ರಾನೈಟ್. ಹೊರಗೆ ಹರಿದು ಬೇಗ ತಣಿದರೆ ಹರಳು ಬೆಳೆಯಲು ಸಮಯವಿಲ್ಲ, ಅದು ಬಹಿಸ್ಸರಣ ಅಗ್ನಿಶಿಲೆ. ಆ ಸಾಲನ್ನು ಬರೆಸಿದ್ದೆ, ಕಂಠಪಾಠ ಮಾಡಿಸಿದ್ದೆ. ಸಾಲು ಹೇಳುವ ಕಲ್ಲು ಕಿಟಕಿಯ ಹೊರಗೇ ಇತ್ತು.

ತುದಿ ಸಮುದ್ರಮಟ್ಟದಿಂದ ಸುಮಾರು 1,700 ಅಡಿ ಎತ್ತರದಲ್ಲಿದೆ. ಅಲ್ಲಿ ಕೋಟೆಯ ಮುರಿದ ಗೋಡೆ, ನೀರಿನ ಕೆರೆ, ಸುತ್ತ ಕುದುರೆಮುಖದ ಸಾಲು. ಜ್ವಾಲಾಮುಖಿಯ ಬಾಯಿ ಎಲ್ಲೂ ಇಲ್ಲ, ಹರಿದು ಗಟ್ಟಿಯಾದ ಲಾವಾದ ಪದರವೂ ಇಲ್ಲ. ಹಾಗಾದರೆ ಈ ಬಂಡೆ ಒಂಟಿಯಾಗಿ ಎದ್ದು ನಿಂತದ್ದು ಹೇಗೆ? ಅದು ಎದ್ದು ನಿಂತದ್ದೇ ಅಲ್ಲ. ಬಿರುಕು ಹೆಚ್ಚಿದ್ದ ಕಲ್ಲಿನೊಳಗೆ ನೀರು ಇಳಿದು ಅದು ಕೊಳೆತು ಮಣ್ಣಾಗಿ ಹೋಗುತ್ತದೆ. ಬಿರುಕು ಕಡಿಮೆಯಿರುವ ಗಟ್ಟಿ ಕಲ್ಲು ಉಳಿಯುತ್ತದೆ. ಸುತ್ತಲಿನ ನೆಲ ಕೋಟಿಗಟ್ಟಲೆ ವರ್ಷ ಮಳೆಗೆ ಸವೆದು ಇಳಿಯುತ್ತಾ ಹೋದಂತೆ ಇಂಥ ಬಂಡೆಗಳು ಹೊರಗೆ ಕಾಣಿಸಿಕೊಳ್ಳುತ್ತವೆ. ನಮ್ಮ ಮಳೆಗಾಲವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂದರೆ ನನ್ನ ಉತ್ತರದಲ್ಲಿ ಅರ್ಧ ನಿಜವೂ ಇತ್ತು. ಗಡಾಯಿಕಲ್ಲಿನ ಕಲ್ಲು ಒಂದು ಕಾಲದಲ್ಲಿ ಕರಗಿದ ಶಿಲಾರಸವೇ, ಅಗ್ನಿಶಿಲೆಯೇ. ಆದರೆ ಅದು ಉಕ್ಕಲಿಲ್ಲ. ಭೂಮಿಯ ಹೊಟ್ಟೆಯಲ್ಲೇ ತಣಿಯಿತು. ಅಗ್ನಿಶಿಲೆಯೆಲ್ಲ ಜ್ವಾಲಾಮುಖಿಯಿಂದ ಬಂದದ್ದಲ್ಲ ಎಂಬುದು ಆ ಘಟಕದ ಮುಖ್ಯ ಅಂಶ. ಅದನ್ನೇ ನಾನು ತಪ್ಪಿಸಿದ್ದೆ.

ಆಮೇಲೆ ಎಲ್ಲಿ ಹೋದರೂ ಕಲ್ಲು ನೋಡುವುದೇ ಆಯಿತು. ಬಂಟ್ವಾಳದಲ್ಲಿ ನಮ್ಮ ಮನೆಯಿಂದ ಕಾರಿಂಜ ದೂರವಿಲ್ಲ. ಚಿಕ್ಕಂದಿನಿಂದ ಹತ್ತಿದ ಬೆಟ್ಟ, ಕೆಳಗೆ ಭೀಮನ ಗದೆಯಿಂದ ಆಯಿತೆನ್ನುವ ಗದಾತೀರ್ಥ, ಮಧ್ಯೆ ಪಾರ್ವತಿ, ತುದಿಯಲ್ಲಿ ಈಶ್ವರ. ಕಾಲಿಗೆ ಸಾವಿರ ಸಲ ತಾಗಿದ ಆ ಬಂಡೆಯನ್ನು ಈ ಸಲ ಕುಳಿತು ನೋಡಿದೆ. ಅಲ್ಲೂ ಕಣಗಳು ಕಣ್ಣಿಗೆ ಕಾಣುತ್ತಿದ್ದವು. ಮೂಡುಬಿದಿರೆಗೆ ಹೋದಾಗ 1430ರ ಸುಮಾರಿಗೆ ಆರಂಭವಾದ ಸಾವಿರ ಕಂಬದ ಬಸದಿಯೊಳಗೆ ಕೆತ್ತನೆ ಬಿಟ್ಟು ಕಂಬದ ಕಲ್ಲನ್ನೇ ನೋಡುತ್ತಾ ನಿಂತೆ. ಒಂದು ಕಂಬದಂತೆ ಇನ್ನೊಂದಿಲ್ಲ ಎಂದು ಅಲ್ಲಿ ಹೇಳುತ್ತಾರೆ. ಆ ವ್ಯತ್ಯಾಸವೆಲ್ಲ ಉಳಿಯದ್ದು. ಕಲ್ಲಾದರೋ ನೆಲದ ಆಳದಿಂದ ಬಂದದ್ದು.

ಆದರೆ ಮಕ್ಕಳ ಮುಂದೆ ನಿಂತು ‘ಗಡಾಯಿಕಲ್ಲು ಜ್ವಾಲಾಮುಖಿ ಅಲ್ಲ’ ಎಂದಷ್ಟೇ ಹೇಳಿದರೆ ಸಾಲದು ಎನಿಸಿತು. ‘ಹಾಗಾದರೆ ಯಾವುದು?’ ಎಂದು ಕೇಳಿದರೆ ಮತ್ತೆ ಇಟಲಿಯ ಚಿತ್ರಪಟ ತೋರಿಸಬೇಕೇ? ಹತ್ತಿರದಲ್ಲಿ ಒಂದಿತ್ತು. ಮಲ್ಪೆಯ ಸೇಂಟ್ ಮೇರೀಸ್ ದ್ವೀಪ. ಕಾಲೇಜಿನ ಪ್ರವಾಸದಲ್ಲಿ ಒಮ್ಮೆ ಹೋಗಿ ಫೋಟೋ ತೆಗೆಸಿಕೊಂಡು ಬಂದಿದ್ದೆ. ಯಾವುದರ ಮೇಲೆ ಕುಳಿತು ತೆಗೆಸಿಕೊಂಡೆ ಎಂದು ಆಗ ಕೇಳಿಕೊಂಡಿರಲಿಲ್ಲ.

ಡಿಸೆಂಬರ್ ರಜೆಯಲ್ಲಿ ಇಬ್ಬರೂ ಮಲ್ಪೆಗೆ ಹೋದೆವು. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ, ಉಳಿದ ತಿಂಗಳಲ್ಲಿ ಉಂಟು. ದಡದಿಂದ ಸುಮಾರು 6 ಕಿ.ಮೀ. ದೋಣಿ ಹತ್ತಿರವಾಗುತ್ತಿದ್ದಂತೆ ತೆಂಗಿನ ಮರಗಳ ಕೆಳಗೆ ಕಪ್ಪು ಗೋಡೆಯಂತೆ ಕಂಡದ್ದು ಗೋಡೆಯಲ್ಲ, ಒತ್ತೊತ್ತಾಗಿ ನಿಂತ ಕಂಬಗಳು. ಕೆಲವು ಐದು ಮೂಲೆಯವು, ಹೆಚ್ಚಿನವು ಆರು ಮೂಲೆಯವು. ಕೆಲವು ಆಳೆತ್ತರಕ್ಕೂ ಮೀರಿವೆ, ಕೆಲವು ಅಲೆಗೆ ಸವೆದು ನೆಲಕ್ಕೆ ಹಾಸಿದ ಹೆಂಚಿನಂತಾಗಿವೆ. ಬೆರಳಿನಿಂದ ಉಜ್ಜಿ ನೋಡಿದೆ. ಗಡಾಯಿಕಲ್ಲಿನ ಹಾಗೆ ಕಣ ಎದ್ದು ಕಾಣುವುದಿಲ್ಲ. ನಯವಾದ ಕಲ್ಲಿನಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಹರಳು, ಅಷ್ಟೇ.

ಇದು ಲಾವಾ. ಅನೇಕರು ಬಸಾಲ್ಟ್ ಎನ್ನುತ್ತಾರೆ, ಆದರೆ ಇದು ಸಿಲಿಕಾ ಹೆಚ್ಚಿರುವ ರಯೋಡೇಸೈಟ್, ಡೇಸೈಟ್ ಜಾತಿಯ ಕಲ್ಲು. ವಯಸ್ಸು ಸುಮಾರು 8.5ರಿಂದ 9 ಕೋಟಿ ವರ್ಷ. ಆಗ ಮಡಗಾಸ್ಕರ್ ಭಾರತಕ್ಕೆ ಅಂಟಿಕೊಂಡಿತ್ತು. ಎರಡೂ ಬೇರ್ಪಡುವ ಹೊತ್ತಿನಲ್ಲಿ ನೆಲ ಬಿರಿದು ಶಿಲಾರಸ ಮೇಲಕ್ಕೆ ಬಂತು. ನಮ್ಮ ಉತ್ತರ ಕರ್ನಾಟಕದ ಬೆಳಗಾವಿ, ವಿಜಯಪುರ, ಬೀದರಿನ ಕಪ್ಪು ನೆಲಕ್ಕೆ ಕಾರಣವಾದ ದಖನ್ ಲಾವಾ ಬಂದದ್ದು ಅದಕ್ಕೂ ಎರಡು ಕೋಟಿ ವರ್ಷಗಳ ನಂತರ, ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಈ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ನೀರಿನಡಿ ಉಕ್ಕಿ ದಿಂಬಿನಾಕಾರಕ್ಕೆ ಗಟ್ಟಿಯಾದ ಲಾವಾ ಕೂಡ ಅದೇ ಪಟ್ಟಿಯಲ್ಲಿದೆ.

ಈ ಕಂಬಗಳನ್ನು ಕಡಿದವರು ಯಾರೂ ಇಲ್ಲ. ಬಿಸಿ ಲಾವಾ ತಣಿಯುವಾಗ ಕುಗ್ಗುತ್ತದೆ, ಕುಗ್ಗುವಾಗ ಬಿರಿಯುತ್ತದೆ. ಗದ್ದೆಯ ಕೆಸರು ಒಣಗಿದಾಗ ಐದಾರು ಮೂಲೆಯ ಚೂರುಗಳಾಗಿ ಒಡೆಯುವುದಿಲ್ಲವೇ, ಹಾಗೆ. ಕೆಸರಿನಲ್ಲಿ ನೀರು ಹೋಗಿ ಕುಗ್ಗುತ್ತದೆ, ಇಲ್ಲಿ ಬಿಸಿ ಹೋಗಿ. ತಣಿಯುವುದು ಮೇಲಿನಿಂದ ಒಳಕ್ಕೆ ಸಾಗಿದಂತೆ ಬಿರುಕೂ ಒಳಕ್ಕೆ ಇಳಿಯುತ್ತದೆ, ಚೂರು ಉದ್ದವಾಗಿ ಕಂಬವಾಗುತ್ತದೆ.

ಮರುದಿನ ಪಡುಕೆರೆಯಿಂದ ಮಟ್ಟುವಿನ ಮೇಲಾಗಿ ಕಾಪುವಿನವರೆಗೆ ಕಡಲ ಬದಿಯಲ್ಲೇ ನಡೆದೆವು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ತೆಂಗಿನ ತೋಟ, ಅದರಾಚೆ ಹೊಳೆ. ದಾರಿಯುದ್ದಕ್ಕೂ ಮರಳು, ಕಲ್ಲಿನ ಸುಳಿವು ಕಡಿಮೆ. ಕಾಪುವಿನಲ್ಲಿ ಬಂಡೆ ಮತ್ತೆ ಸಿಕ್ಕಿತು. ಅದು ಗುಂಡಗಿನ ಬೆನ್ನಿನದು, ಕಂಬಗಳಿಲ್ಲ. ಅದರ ಮೇಲೆ 1901ರ ದೀಪಸ್ತಂಭ. ಸ್ಟ್ರಾಂಬೋಲಿಯನ್ನು ದೀಪಸ್ತಂಭ ಎಂದು ಮಕ್ಕಳಿಗೆ ಹೇಳಿದ್ದೆನಲ್ಲ, ಅವರಲ್ಲಿ ನಿಜವಾದ ದೀಪಸ್ತಂಭ ಕಂಡವರು ಎಷ್ಟು ಮಂದಿ ಎಂದು ಕೇಳಿಯೇ ಇರಲಿಲ್ಲ. ಬೆಳ್ತಂಗಡಿಯ ಒಳನಾಡಿನ ಮಕ್ಕಳು ಅವರು. ಆಮೇಲೆ ಕೇಳಿದಾಗ ಏಳು ಕೈ ಎದ್ದವು.

ಮಕ್ಕಳನ್ನು ದ್ವೀಪಕ್ಕೆ ಕರೆದೊಯ್ಯುವ ಆಸೆಯಿತ್ತು. ಸಮುದ್ರ ಪ್ರವಾಸಕ್ಕೆ ಅನುಮತಿ, ಬಸ್ಸಿನ ಖರ್ಚು, ಉಳಿದ ಎರಡು ವಾರ, ಯಾವುದೂ ಹೊಂದಲಿಲ್ಲ. ರಕ್ಷಿತ ಜಾಗವಾದ್ದರಿಂದ ಅಲ್ಲಿಂದ ಒಂದು ಚೂರನ್ನೂ ತಂದಿರಲಿಲ್ಲ. ಫೋನಿನಲ್ಲಿ ತೆಗೆದ ಎಂಟು ಚಿತ್ರಗಳನ್ನು ಮುದ್ರಿಸಿಕೊಂಡೆ. ಕಾರ್ನ್‌ಫ್ಲೋರನ್ನು ನೀರಿನಲ್ಲಿ ಗಟ್ಟಿಯಾಗಿ ಕದಡಿ ಗಾಜಿನ ಬಟ್ಟಲಿನಲ್ಲಿ ಹುಯ್ದು, ಮೇಲೆ ಬಲ್ಬ್ ಉರಿಸಿ ದಿನಗಟ್ಟಲೆ ಒಣಗಿಸಿದೆ. ಒಡೆದು ನೋಡಿದರೆ ಒಳಗೆ ಪೆನ್ಸಿಲಿನಂಥ ಸಣ್ಣ ಸಣ್ಣ ಕಂಬಗಳು. ಮಕ್ಕಳಿಗೂ ಒಂದು ಕೆಲಸ ಹೇಳಿದೆ. ಪ್ರತಿಯೊಬ್ಬರೂ ಮನೆಯ ಹತ್ತಿರದ ಒಂದು ಕಲ್ಲು ತರಬೇಕು.

ಆ ಪಾಠದ ದಿನ ಉತ್ತರಪತ್ರಿಕೆಗಳನ್ನು ಮೇಜಿನ ಮೇಲಿಟ್ಟು ಮೊದಲಿಗೇ ಹೇಳಿದೆ: “ಗಡಾಯಿಕಲ್ಲಿನ ಬಗ್ಗೆ ನಾನು ನಿಮಗೆ ಹೇಳಿದ್ದು ತಪ್ಪು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಬದಲು ಹೌದು ಅಂದೆ. ಇವತ್ತು ನಾವೆಲ್ಲ ಸೇರಿ ಅದನ್ನು ಸರಿ ಮಾಡುವ.” ಈ ನಾಲ್ಕು ವಾಕ್ಯಗಳನ್ನು ಹಿಂದಿನ ರಾತ್ರಿ ಹತ್ತು ಸಲ ಅಭ್ಯಾಸ ಮಾಡಿದ್ದೆ. ಆದರೂ ಗಂಟಲು ಒಣಗಿತು. ತರಗತಿ ಗದ್ದಲವಾಗುತ್ತದೆ, ನಗುತ್ತಾರೆ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ.

ಮೂರನೆಯ ಬೆಂಚಿನ ಆ ಹುಡುಗ ನಿಧಾನವಾಗಿ ಎದ್ದ.

“ಟೀಚರ್, ಹಾಗಾದ್ರೆ ನನ್ನ ಅಪ್ಪ ಹೇಳಿದ್ದೇ ಸರಿ.”

“ಅಪ್ಪ ಎಂತ ಹೇಳಿದ್ರು?”

“ಅದು ನಮ್ಮ ಕಡೆಯುವ ಕಲ್ಲಿನಂಥದ್ದೇ ಕಲ್ಲು, ಬೆಂಕಿ ಗಿಂಕಿ ಎಂತದೂ ಇಲ್ಲ ಅಂದ್ರು. ನಾನು, ನಿಮಗೆ ಗೊತ್ತಿಲ್ಲ, ಟೀಚರ್ ಹೇಳಿದ್ದಾರೆ ಅಂತ ಜಗಳ ಮಾಡಿದೆ.”

ಅವನ ತಂದೆ ಕಲ್ಲು ಒಡೆಯುವ ಕೆಲಸದವರು ಎಂದು ಆಗ ಗೊತ್ತಾಯಿತು. ಇಪ್ಪತ್ತು ವರ್ಷ ಕಲ್ಲಿನ ಮೇಲೆ ಸುತ್ತಿಗೆ ಹಾಕಿದವರ ಮಾತನ್ನು, ಒಮ್ಮೆಯೂ ಆ ಬಂಡೆಯನ್ನು ಮುಟ್ಟದ ನನ್ನ ಮಾತು ಅವರ ಮನೆಯೊಳಗೇ ಹೋಗಿ ಸೋಲಿಸಿತ್ತು. 19 ತಪ್ಪು ಉತ್ತರಗಳಿಗಿಂತ ಇದು ನನ್ನನ್ನು ಹೆಚ್ಚು ಚುಚ್ಚಿತು. “ಅಪ್ಪನ ಹತ್ತಿರ ಹೇಳು, ಟೀಚರ್‌ಗೆ ತಪ್ಪಿತ್ತು, ನೀವು ಹೇಳಿದ್ದೇ ಸರಿ ಅಂತ,” ಎಂದೆ. ಅವನು ತಲೆಯಾಡಿಸಿ ಕುಳಿತ.

ಆಮೇಲೆ ಕಲ್ಲುಗಳನ್ನು ಬೆಂಚಿನ ಮೇಲೆ ಹರಡಿದೆವು. ಹೆಚ್ಚಿನವು ಮುರಕಲ್ಲಿನ ಚೂರುಗಳು. ಅದು ಅಗ್ನಿಶಿಲೆಯಂತೆ ತಣಿದು ಆದದ್ದಲ್ಲ, ಬಿಸಿಲು ಮಳೆಗೆ ಕಲ್ಲು ಕೊಳೆತು, ಕಬ್ಬಿಣದ ಅಂಶ ಉಳಿದು ಕೆಂಪಾದದ್ದು ಎಂದು ಮಾತಾಯಿತು. 1807ರಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ ಬುಕಾನನ್ ನಮ್ಮ ಕರಾವಳಿಯಲ್ಲೂ ಸುತ್ತಾಡಿದವನು ಎಂದೆ. ಹೊಳೆಯ ಉರುಟು ಕಲ್ಲು ಹತ್ತಿತ್ತು, ಪಾದೆಕಲ್ಲಿನ ಚೂರು ಆರು. ಪಾದೆಕಲ್ಲಿನ ಚೂರನ್ನು ಭೂತಗನ್ನಡಿಯಲ್ಲಿ ನೋಡಿ ಕಣಗಳನ್ನು ಎಣಿಸಿದರು. ಬಟ್ಟಲಿನ ಕಂಬಗಳನ್ನು, ದ್ವೀಪದ ಚಿತ್ರಗಳನ್ನು ನೋಡಿದರು. “ಹಾಗಾದ್ರೆ ಗಡಾಯಿಕಲ್ಲು ಒಳಗೆ ತಣಿದದ್ದು, ಮಲ್ಪೆಯದ್ದು ಹೊರಗೆ ತಣಿದದ್ದು,” ಎಂದು ಹುಡುಗಿಯೊಬ್ಬಳು ಹೇಳಿದಾಗ ನಾನು ಕಪ್ಪುಹಲಗೆಯಲ್ಲಿ ಬರೆಯಬೇಕೆಂದಿದ್ದ ವಾಕ್ಯ ಮುಗಿದುಹೋಗಿತ್ತು. ನಲವತ್ತು ನಿಮಿಷದ ಅವಧಿ ಸಾಲದೆ ಮುಂದಿನ ಅವಧಿಯ ಹತ್ತು ನಿಮಿಷವನ್ನು ಬೇಡಿ ಪಡೆದೆ.

ಅಂಕದ ಪ್ರಶ್ನೆ ಉಳಿದಿತ್ತು. ನಾನು ಕಲಿಸಿದ್ದನ್ನೇ ಬರೆದ ಮಕ್ಕಳಿಗೆ ಅಂಕ ಕಳೆಯುವುದು ನ್ಯಾಯವಲ್ಲ, ತಪ್ಪಿಗೆ ಅಂಕ ಕೊಡುವುದೂ ಸರಿಯಲ್ಲ. ಹಿರಿಯ ಶಿಕ್ಷಕರೊಂದಿಗೆ ಮಾತನಾಡಿ ಆ ಪ್ರಶ್ನೆಯನ್ನು ಕೈಬಿಟ್ಟೆ. ಬದಲಿಗೆ ‘ಗಡಾಯಿಕಲ್ಲು ಜ್ವಾಲಾಮುಖಿ ಅಲ್ಲ ಎಂದು ಹೇಗೆ ಹೇಳುವಿರಿ?’ ಎಂದು ಕೇಳಿದೆ. 32ರಲ್ಲಿ 27 ಮಂದಿ ಕಣದ ಕಾರಣ ಕೊಟ್ಟರು. ಇಬ್ಬರು ‘ಹತ್ತಿ ನೋಡಿದರೆ ಗೊತ್ತಾಗುತ್ತದೆ’ ಎಂದು ಬರೆದರು. ಅವರಿಗೂ ಅಂಕ ಕೊಟ್ಟೆ.

ಬೋಧನಾಭ್ಯಾಸದ ದಾಖಲೆ ಪುಸ್ತಕದಲ್ಲಿ ಏಳನೆಯ ಪಾಠದ ಸ್ವಾವಲೋಕನ ಪುಟ ಖಾಲಿ ಇತ್ತು. ಅಲ್ಲಿ ಇದನ್ನೆಲ್ಲ ಬರೆಯಲು ಹೆದರಿಕೆಯಿತ್ತು, ಏಕೆಂದರೆ ಆ ಪಾಠಕ್ಕೆ ಮೆಚ್ಚುಗೆ ಸಿಕ್ಕಿತ್ತು. ಆದರೂ ಬರೆದು ಉಪನ್ಯಾಸಕರ ಮುಂದಿಟ್ಟೆ. ಅವರು ಓದಿದರು, ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅವತ್ತು ನಾನೂ ನಿಮ್ಮ ಉತ್ತರವನ್ನು ನಂಬಿದ್ದೆ,” ಎಂದರು. ತಮ್ಮ ಹಳೆಯ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿದರು: ‘ಸ್ಥಳೀಯ ಉದಾಹರಣೆಯನ್ನು ಮೊದಲು ಹೋಗಿ ನೋಡಬೇಕು.’

ಮುಂದಿನ ತಂಡದ ಗೆಳೆಯರಿಗೆ ನಾನು ಹೇಳಬಹುದಾದದ್ದು ಅಷ್ಟೇ. ಸ್ಥಳೀಯ ಉದಾಹರಣೆ ಕೊಡಿ ಎಂದು ನಮಗೆ ಎಲ್ಲರೂ ಹೇಳುತ್ತಾರೆ. ಆದರೆ ದೂರದ ಸ್ಟ್ರಾಂಬೋಲಿಯ ಬಗ್ಗೆ ತಪ್ಪು ಹೇಳಿದರೆ ಅದು ಪುಸ್ತಕದಲ್ಲೇ ಉಳಿಯುತ್ತದೆ, ಗಡಾಯಿಕಲ್ಲಿನ ಬಗ್ಗೆ ಹೇಳಿದ ತಪ್ಪು ಸಂಜೆಯೊಳಗೆ ಮನೆಗೆ ಹೋಗುತ್ತದೆ. ಶಾಲೆ ಹಂಚಿಕೆಯಾದ ಮೊದಲ ವಾರದಲ್ಲೇ ಕಿಟಕಿಯಿಂದ ಕಾಣುವುದು ಏನೆಂದು ನೋಡಿಕೊಳ್ಳಿ, ಸಾಧ್ಯವಿದ್ದರೆ ಹತ್ತಿ ಬನ್ನಿ. ಆ ಊರಿನಲ್ಲಿ ಕಲ್ಲಿನ, ಮಣ್ಣಿನ, ನೀರಿನ ಕೆಲಸ ಮಾಡುವವರು ಯಾರೆಂದು ಮಕ್ಕಳನ್ನು ಕೇಳಿ. ಗಡಾಯಿಕಲ್ಲು ಹತ್ತುವುದಾದರೆ ಬೆಳಗ್ಗೆ ಬೇಗ ಹೊರಡಿ, ನೀರು ತೆಗೆದುಕೊಳ್ಳಿ. ಅರ್ಧದಾರಿಯಲ್ಲಿ ಸುಸ್ತಾಗಿ ಕುಳಿತಾಗ ಕೈಯ ಕೆಳಗಿನ ಕಲ್ಲನ್ನು ಒಮ್ಮೆ ನೋಡಿ.